ಗೀಜರ್ ಕೆಟ್ಟರೆ ಯಾರ ಧರ್ಮ?

ಧಾರವಾಡದ ಸಪ್ತಾಪುರದ ಬಾಡಿಗೆ ಖೋಲಿಯಲ್ಲಿ ಗೀಜರ್ ಕೆಟ್ಟಾಗ ಮಾಲಕರು ‘ಬಳಸಿದವರು ನೀವು’ ಎಂದರೆ ಬಾಡಿಗೆದಾರರು ‘ಸಾಮಾನು ನಿಮ್ಮದು’ ಎನ್ನುತ್ತಾರೆ. ಎರಡೂ ನಿಜ, ಧರ್ಮದ ಪ್ರಶ್ನೆ ಹುಟ್ಟುವುದು ಅಲ್ಲೇ. ಶರಣರ ದಾಸೋಹದ ದೃಷ್ಟಿಯಲ್ಲಿ ಒಡೆತನ ಹಕ್ಕಿಗಿಂತ ಮೊದಲು ಹೊಣೆ. ವಸ್ತುವಿನಿಂದ ಆದಾಯ ಪಡೆಯುವವರೇ ಅದರ ಸವಕಳಿಯನ್ನೂ ಹೊರಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲ್ ಸುಣ್ಣಗಟ್ಟುವುದು ಯಾರ ತಪ್ಪೂ ಅಲ್ಲ. ನೀರಿಲ್ಲದೆ ಸ್ವಿಚ್ ಹಾಕಿ ಸುಟ್ಟರೆ ಮಾತ್ರ ಖರ್ಚು ಬಾಡಿಗೆದಾರರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮೂ ಸಹಜ ಸವಕಳಿಯನ್ನು ಬಾಡಿಗೆದಾರರ ಹೊಣೆಯಿಂದ ಹೊರಗಿಡುತ್ತದೆ. ಮಾಲಕರು ಮಾಡಲೇಬೇಕಾದ ದುರಸ್ತಿ, ತಿಳಿಸಿದರೂ ಆಗದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು ಬಿಡುತ್ತದೆ.

ಕರಾರು ಬೇರೆ ಹೇಳಿದರೆ? ಕಾಯ್ದೆ ಕರಾರಿಗೇ ಮಣಿಯುತ್ತದೆ, ಖರೆ. ಆದರೆ ಕೋಚಿಂಗ್ ಶುರುವಾಗುವ ಮುನ್ನ ಖೋಲಿಗಾಗಿ ಅಲೆಯುವ ಹುಡುಗ ಹಾಕಿದ ಸಹಿ ಪೂರ್ತಿ ಒಪ್ಪಿಗೆಯೆನಿಸದು; ಅದನ್ನೇ ಹಿಡಿದು ಹಳೆಯ ಗೀಜರ್‌ನ ಬೆಲೆಯನ್ನು ಡಿಪಾಜಿಟ್‌ನಲ್ಲಿ ಕಡಿಯುವುದು ಕಾನೂನಿಗೆ ಸರಿಬಂದರೂ ನ್ಯಾಯಕ್ಕೆ ಸರಿಬರುವುದಿಲ್ಲ.