ಬೇಲಿಯ ಧರ್ಮ



ಬೇಲಿ ಹಾಕುವುದು ತಪ್ಪೇ? ಬೆಳೆಯನ್ನು ಕಾಯಲು ಹೊಲಕ್ಕೆ ಮುಳ್ಳುಬೇಲಿ ಹಾಕುವ ರೈತನನ್ನು ಯಾರೂ ದೂರುವುದಿಲ್ಲ. ಅವನು ನಡೆಯುವವರಿಗೆ ದಾರಿ ಬಿಟ್ಟಿರುತ್ತಾನೆ. ಸುಗ್ಗಿ ಮುಗಿದ ಮೇಲೆ, ತಡೆದ ದನಗಳಿಗೇ ಹೊಲವನ್ನು ಬಿಟ್ಟುಕೊಡುತ್ತಾನೆ. ಅಗತ್ಯ ತೀರಿದಾಗ ತೆರೆಯುವುದೇ ಬೇಲಿಯ ಧರ್ಮ.

ಮನುಷ್ಯನಿಗೆ ಅಡ್ಡಲಾಗಿ ಎದ್ದ ಗೋಡೆಯೂ ರಕ್ಷಣೆಯ ಹೆಸರನ್ನೇ ಹೇಳುತ್ತದೆ. 1961ರ ಆಗಸ್ಟ್ 13ರಂದು ಬರ್ಲಿನ್ ನಗರವನ್ನು ಮುಳ್ಳುತಂತಿಯಿಂದ ಇಬ್ಭಾಗ ಮಾಡಿ, ಮುಂದೆ ಗೋಡೆ ಕಟ್ಟಿದ ಪೂರ್ವ ಜರ್ಮನಿಯ ಸರಕಾರವು, ಅದು ಹೊರಗಿನ ವೈರಿಗಳನ್ನು ತಡೆಯುವುದಕ್ಕೆಂದು ಸಾರಿತು. ಅದು ತಡೆದದ್ದು ಹೊರಹೋಗಬಯಸಿದ ತನ್ನ ಪ್ರಜೆಗಳನ್ನು. 1989ರ ನವೆಂಬರ್ 9ರಂದು ಅದು ತೆರೆಯುವುದರೊಳಗೆ ಕನಿಷ್ಠ 140 ಮಂದಿ ಅಲ್ಲಿ ಪ್ರಾಣ ತೆತ್ತಿದ್ದರು.

ಅದೇ 1989ರಲ್ಲಿ ನೆರೆಯ ತಮಿಳುನಾಡಿನ ಮಧುರೆ ಜಿಲ್ಲೆಯ ಉತ್ತಪುರಂ ಗ್ರಾಮದಲ್ಲಿ ದಲಿತರ ಕೇರಿಯನ್ನು ಬೇರ್ಪಡಿಸುವ ಗೋಡೆಯೊಂದು ಎದ್ದಿತು. 2008ರ ಮೇ 6ರಂದು ಜಿಲ್ಲಾಡಳಿತವು ಅದರ ಒಂದು ಭಾಗವನ್ನು ಕೆಡವಿ ದಾರಿ ಮಾಡಿಸಿದಾಗ, ಮೇಲ್ಜಾತಿಯ ಅನೇಕರು ಪ್ರತಿಭಟಿಸಿ ಕೆಲವು ದಿನ ಊರನ್ನೇ ತೊರೆದರು. ನೆರೆಯವನನ್ನು ಹೊರಗಿಡಲು ಎದ್ದ ಗೋಡೆ, ಕೊನೆಗೆ ಕಟ್ಟಿದವರ ಮನಸ್ಸನ್ನೇ ಸೆರೆಹಿಡಿದಿತ್ತು.

ದೂರದ ಗೋಡೆಗಳನ್ನು ಖಂಡಿಸುವುದು ಸುಲಭ. ಮಠದ ಪ್ರಸಾದ ನಿಲಯದ ಪಂಕ್ತಿಯಲ್ಲಿ ಪಕ್ಕದವನ ಕುಲವನ್ನು ಕೇಳದೆ ಉಂಡು ಬೆಳೆದ ನಾವು, ಮಕ್ಕಳ ಮದುವೆಯ ಮಾತು ಬಂದೊಡನೆ ಒಳಪಂಗಡವನ್ನು ವಿಚಾರಿಸುವುದಿಲ್ಲವೇ? ಆ ಬೇಲಿ ಯಾವ ಬೆಳೆಯನ್ನು ಕಾಯುತ್ತಿದೆ? ಹರಳಯ್ಯ, ಮಧುವರಸರು ಪ್ರಾಣವನ್ನೇ ಒತ್ತೆಯಿಟ್ಟು ಕಿತ್ತ ಮುಳ್ಳನ್ನು ನಮ್ಮ ಅಂಗಳದಲ್ಲಿ ಮತ್ತೆ ನೆಡಬೇಕೇ? ತಾವೇ ಯೋಚಿಸಿರಿ.