ಮೋರಿಯ ಜಾಲರಿ ಮತ್ತು ಅಹಿಂಸಾಣುವ್ರತ

ಶ್ರಾವಕನ ಮನೆಯಲ್ಲಿ ನೀರನ್ನು ಸೋಸದೆ ಬಳಸುವುದಿಲ್ಲ. ದಟ್ಟವಾದ ಬಟ್ಟೆಯನ್ನು ಇಮ್ಮಡಿಯಾಗಿ ಮಡಿಸಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಆ ನೀರು ಬಂದ ಬಾವಿಗೇ ಮೆಲ್ಲನೆ ಮರಳಿ ಬಿಡುವುದು ಪರಂಪರೆಯಿಂದ ನಡೆದುಬಂದ ಆಚಾರ. ಕಣ್ಣಿಗೆ ಕಾಣದ ಜೀವಿಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಅದೇ ಮನೆಯ ಬಚ್ಚಲಿನಲ್ಲಿ ಬಾಯಿ ತೆರೆದ ಮೋರಿಯೊಂದು ವರ್ಷಗಟ್ಟಲೆ ಹಾಗೆಯೇ ಉಳಿದಿರುವುದುಂಟು. ಅದರ ಮೂಲಕ ಇಲಿ ಹೆಗ್ಗಣಗಳು ಒಳಗೆ ಬಂದ ಮೇಲೆ ಮನೆಯವರಿಗೆ ಮೊದಲು ನೆನಪಾಗುವುದು ಪಾಷಾಣ. ಅಲ್ಪೇಂದ್ರಿಯ ಜೀವಿಗಳಲ್ಲಿ ತೋರಿದ ದಯೆಯು ಸುಖದುಃಖಗಳನ್ನು ಮನಸ್ಸಿನಿಂದ ಅನುಭವಿಸುವ ಸಂಜ್ಞಿ ಪಂಚೇಂದ್ರಿಯ ಜೀವಿಯ ಬಳಿಗೆ ಬಂದಾಗ ಏಕೆ ಸೋಲುತ್ತದೆ? ಇದು ಮನೆಗೆಲಸದ ಪ್ರಶ್ನೆಯಂತೆ ಕಂಡರೂ ವ್ರತದ ಮೂಲಕ್ಕೇ ಸೇರಿದ ಪ್ರಶ್ನೆ.

ದೃಷ್ಟಾಂತಕ್ಕಾಗಿ ಧಾನ್ಯದ ವ್ಯಾಪಾರಿಯಾದ ಒಬ್ಬ ಶ್ರಾವಕನನ್ನು ಕಲ್ಪಿಸಿಕೊಳ್ಳಬಹುದು. ದಶಲಕ್ಷಣ ಪರ್ವದಲ್ಲಿ ಆತನು ದಿನವೂ ಏಕಾಶನ, ಅನಂತ ಚತುರ್ದಶಿಯಂದು ನಿರ್ಜಲ ಉಪವಾಸ. ಪರ್ವದ ಮೂರನೆಯ ದಿನ ಉಗ್ರಾಣದ ಗೋಣಿಚೀಲಗಳು ಹರಿದಿರುವುದನ್ನು ಕಂಡು ಆಳು, ‘ಯಜಮಾನರೇ, ಮದ್ದು ಇಡಲೇ?’ ಎಂದು ಕೇಳುತ್ತಾನೆ. ಯಜಮಾನನು ಹೌದೆನ್ನುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಕೈಯಲ್ಲಿ ಜಪಮಾಲೆಯಿದ್ದುದರಿಂದ ಸುಮ್ಮನೆ ಮುಖ ತಿರುಗಿಸುತ್ತಾನೆ. ಪರ್ವ ಮುಗಿದು, ಸಕಲ ಜೀವಿಗಳಲ್ಲಿ ಕ್ಷಮೆ ಬೇಡುವ ದಿನ ಬರುವ ಹೊತ್ತಿಗೆ ಬಚ್ಚಲಿನ ಕಡೆಯಿಂದ ದುರ್ಗಂಧ ಏಳುತ್ತದೆ. ಹಾಸುಗಲ್ಲನ್ನು ಎತ್ತಿಸಿದಾಗ ಕೆಳಗೆ ಸತ್ತ ತಾಯಿ ಇಲಿ. ಪಕ್ಕದಲ್ಲಿ ಹಾಲಿಲ್ಲದೆ ಸತ್ತ, ಇನ್ನೂ ಕಣ್ಣು ಬಿಡದ ಮರಿಗಳು. ಹತ್ತು ದಿನಗಳ ಉಪವಾಸಕ್ಕೂ ಹಾಸುಗಲ್ಲಿನ ಕೆಳಗಿನ ಈ ಮರಣಗಳಿಗೂ ಸಂಬಂಧವುಂಟೇ?

ಆ ಶ್ರಾವಕನು ಹೇಳಬಹುದಾದ ಸಮಾಧಾನಗಳು ಮೂರು. ‘ಇಟ್ಟವನು ಆಳು, ತಾನಲ್ಲ’ ಎಂಬುದು ಮೊದಲನೆಯದು. ಇದು ನಿಲ್ಲುವುದಿಲ್ಲ. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಬಿಡುವಾಗ ಅಣುವ್ರತಿಯು ಮನ ವಚನ ಕಾಯಗಳಿಂದ, ಕೃತ ಕಾರಿತ ಅನುಮೋದನೆಗಳಿಂದ, ಹೀಗೆ ಒಂಬತ್ತು ವಿಧದಲ್ಲಿ ಬಿಡುತ್ತಾನೆ. ಬೇಡವೆನ್ನಬಹುದಾದಲ್ಲಿ ಮುಖ ತಿರುಗಿಸುವುದು ಅನುಮೋದನೆಯೇ ಹೊರತು ಮೌನವ್ರತವಲ್ಲ.

‘ಇಲಿ ಶತ್ರು, ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯ’ ಎಂಬುದು ಎರಡನೆಯದು. ತನ್ನನ್ನೂ ತನ್ನವರನ್ನೂ ಕಾಪಾಡಲು ಬೇರೆ ದಾರಿಯಿಲ್ಲದಾಗ ಗೃಹಸ್ಥನಿಂದ ನಡೆದುಹೋಗುವುದು ವಿರೋಧೀ ಹಿಂಸೆ. ಬೇರೆ ದಾರಿಯನ್ನು ಹುಡುಕದವನು ಆ ಹೆಸರನ್ನು ಆಶ್ರಯಿಸಲಾರನು. ಇಲಿಗೆ ದ್ವೇಷವಿಲ್ಲ, ಹಸಿವಿದೆ, ಕತ್ತಲೆಯಿದೆ, ತೆರೆದ ದಾರಿಯಿದೆ. ಆ ದಾರಿಯನ್ನು ತೆರೆದಿಟ್ಟವನು ಮನೆಯ ಯಜಮಾನ.

ಮೂರನೆಯದು ರೋಗದ ಭಯ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆಂಬುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಂಡ್ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡನು. ಅದೇ ವರ್ಷ ಬೆಂಗಳೂರಿಗೂ ಆ ಮಾರಿ ಕಾಲಿಟ್ಟಿತು. 1994ರಲ್ಲಿ ಸೂರತ್ ನಗರವು ಮತ್ತೆ ಪ್ಲೇಗಿನ ಭಯದಿಂದ ತಲ್ಲಣಿಸಿತು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರವು ಇಂದಿಗೂ ಮಳೆಗಾಲದಲ್ಲಿ ಜೀವ ತೆಗೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಇಲಿಗಳನ್ನು ಸಹಿಸಿಕೊಂಡಿರುವುದು ದಯೆಯಲ್ಲ, ಅದೂ ಪ್ರಮಾದವೇ. ಆದರೆ ಈ ವಾದದಿಂದ ಸಿದ್ಧವಾಗುವುದು ಇಲಿ ಒಳಗೆ ಬರಬಾರದೆಂಬುದು ಮಾತ್ರ. ಬಂದ ಮೇಲೆ ಕೊಲ್ಲಬೇಕೆಂಬುದಲ್ಲ. ಬಂದ ಮೇಲೆ ವಿಷವಿಡುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ. ಇಲ್ಲಿ ಆ ಬಾಗಿಲನ್ನೂ ಯಾರೂ ಹಾಕುವುದಿಲ್ಲ.

ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂಬುದು ಆಚಾರ್ಯ ಉಮಾಸ್ವಾಮಿಗಳ ನಿರ್ಣಯ. ಎಚ್ಚರಗೇಡಿಯಾಗಿ ನಡೆಯುವವನಿಗೆ ಜೀವಿ ಸಾಯಲಿ ಸಾಯದಿರಲಿ ಹಿಂಸೆಯು ಮುಂದೆಯೇ ಓಡುತ್ತದೆಂಬ ಭಾವವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ವಿವರಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ ಆ ವ್ಯಾಪಾರಿಯ ದೋಷವು ಮದ್ದಿಟ್ಟ ರಾತ್ರಿ ಹುಟ್ಟಿದುದಲ್ಲ. ಮೋರಿಯ ಜಾಲರಿ ತುಕ್ಕು ಹಿಡಿದು ಮುರಿದುಬಿದ್ದ ದಿನ, ‘ನಾಳೆ ನೋಡೋಣ’ ಎಂದಾಗಲೇ ಅದು ಹುಟ್ಟಿತ್ತು.

ಹಾಗಾದರೆ ಯತ್ನಾಚಾರವೆಂದರೇನು? ಮೊದಲು ಜೀವಿಯ ಸ್ವಭಾವವನ್ನು ಅರಿಯಬೇಕು. ಚರಂಡಿಯ ಇಲಿ ಚೆನ್ನಾಗಿ ಈಜಬಲ್ಲದು, ಕೊಳವೆಯೊಳಗೆ ಹತ್ತಬಲ್ಲದು. ಶೌಚಾಲಯದ ಕೊಳವೆಯ ಬಾಗಿನಲ್ಲಿ ನಿಂತ ನೀರನ್ನೂ ಮುಳುಗಿ ದಾಟಬಲ್ಲದು. ಸುಮಾರು ಅರ್ಧ ಅಂಗುಲದ ಕಿಂಡಿ ಇಲಿಗೆ ಸಾಕು. ಸಣ್ಣ ಚಿಟ್ಟಿಲಿಗೆ ಕಾಲು ಅಂಗುಲ ಸಾಕು. ಆದುದರಿಂದ ಬಚ್ಚಲಿನ ಮತ್ತು ಅಡಿಗೆಮನೆಯ ಮೋರಿಗಳಿಗೆ ಕಾಲು ಅಂಗುಲಕ್ಕಿಂತ ಹೆಚ್ಚು ಸಂದಿಲ್ಲದ ಗಟ್ಟಿ ಲೋಹದ ಜಾಲರಿ ಬೇಕು. ಅದು ತೆಗೆದು ತೊಳೆಯುವಂತಿರಬೇಕು. ಇಲ್ಲವಾದರೆ ಕೂದಲು, ಅನ್ನದ ಅಗುಳು ಸಿಕ್ಕಿ ನೀರು ನಿಂತು ಸೊಳ್ಳೆಗಳ ಉತ್ಪತ್ತಿಯಾಗಿ, ಒಂದು ಹಿಂಸೆಯನ್ನು ತಪ್ಪಿಸಲು ಹೋಗಿ ಇನ್ನೊಂದಕ್ಕೆ ಎಡೆಯಾಗುತ್ತದೆ. ಶೌಚಾಲಯದ ಕೊಳವೆಗೆ ಜಾಲರಿ ಸಲ್ಲದು. ಅಲ್ಲಿ ಹೊರಗಿನ ಗುಂಡಿಯಲ್ಲಿ ನೀರು ಹೊರಕ್ಕೆ ಹೋಗುವಾಗ ಮಾತ್ರ ತೆರೆದುಕೊಳ್ಳುವ ಏಕಮುಖ ಕವಾಟವನ್ನು ಕೂಡಿಸಬೇಕು. ಬಳಕೆ ತಪ್ಪಿದ ಹಳೆಯ ಕೊಳವೆಗಳ ಬಾಯನ್ನು ಭದ್ರವಾಗಿ ಮುಚ್ಚಬೇಕು. ಕೊಳವೆ ಗೋಡೆಯನ್ನು ಹಾಯುವಲ್ಲಿನ ಸಂದಿಗೆ ತಂತಿಬಲೆಯನ್ನು ತುರುಕಿ ಸಿಮೆಂಟು ಮೆತ್ತಬೇಕು. ಮರ, ಪ್ಲಾಸ್ಟಿಕ್ಕುಗಳನ್ನು ಇಲಿ ಕಡಿದುಬಿಡುತ್ತದೆ. ಒಡೆದ ಗುಂಡಿಮುಚ್ಚಳವನ್ನು ಬದಲಿಸಬೇಕು. ನೀರಿಗೆ ಬಟ್ಟೆ ಹೇಗೋ ಮೋರಿಗೆ ಜಾಲರಿ ಹಾಗೆ.

ತತ್ತ್ವವನ್ನು ಬಲ್ಲವರಿಗೆ ಇಲ್ಲಿ ಆಸ್ರವ ಸಂವರಗಳ ನೆನಪಾಗುವುದು ಸಹಜ. ಒಳಹರಿವಿನ ದ್ವಾರವನ್ನು ಮುಚ್ಚುವುದು ಸಂವರ, ಒಳಗಿರುವುದನ್ನು ಕಳೆಯುವುದು ನಿರ್ಜರೆ. ಆದರೆ ಈ ಹೋಲಿಕೆಯನ್ನು ಕೊನೆಯವರೆಗೆ ಎಳೆಯಬಾರದು. ಕರ್ಮವು ಜಡ ಪುದ್ಗಲ, ಇಲಿಯು ಜೀವ. ಕರ್ಮದ ವಿಷಯದಲ್ಲಿ ಮೊದಲು ಬಾಗಿಲು ಮುಚ್ಚಿ ಅನಂತರ ಒಳಗಿನದನ್ನು ಕ್ಷಯಗೊಳಿಸುವುದು ಕ್ರಮ. ಇಲಿಯ ವಿಷಯದಲ್ಲಿ ಹಾಗೆ ಮಾಡಿದರೆ ಒಳಗೆ ಸಿಕ್ಕಿಬಿದ್ದವು ಹಸಿದು ಸಾಯುತ್ತವೆ. ಅದು ಅಣುವ್ರತದ ಅತಿಚಾರಗಳಲ್ಲಿ ಎಣಿಸಲ್ಪಟ್ಟ ಅನ್ನಪಾನನಿರೋಧವೇ ಆದೀತು. ಆದುದರಿಂದ ಮೊದಲು ಹೊರಹೋಗಗೊಡಬೇಕು, ಅನಂತರ ಮುಚ್ಚಬೇಕು. ಬಿಲದ ಬಾಯಿಯಲ್ಲಿ ಸ್ವಲ್ಪ ಬೂದಿಯನ್ನು ಹರಡಿದರೆ ಓಡಾಟದ ಗುರುತು ತಿಳಿಯುತ್ತದೆ. ಮರಿಗಳಿದ್ದರೆ ಅವು ತಾಯಿಯ ಹಾಲು ಬಿಟ್ಟು ತಾವೇ ಓಡಾಡುವವರೆಗೆ, ಎಂದರೆ ಸುಮಾರು ಒಂದು ತಿಂಗಳು, ತಾಳಬೇಕು. ಹಲವು ರಾತ್ರಿಗಳು ಬೂದಿ ಅಳಿಯದೆ ಉಳಿದ ಮೇಲೆ ಸಿಮೆಂಟು ಹಾಕಬೇಕು. ಈ ಒಂದು ತಿಂಗಳ ತಾಳ್ಮೆಯೂ ಒಂದು ತಪಸ್ಸೇ.

‘ಮೋರಿಯನ್ನು ಮುಚ್ಚಿದರೆ ಹೊರಗಿನ ಇಲಿಗೆ ಆಹಾರ ತಪ್ಪಿಸಿದಂತಲ್ಲವೇ? ಅದು ನೆರೆಮನೆಗೆ ಹೋಗಿ ಅಲ್ಲಿ ಸಾಯುವುದಿಲ್ಲವೇ?’ ಎಂಬ ಆಕ್ಷೇಪವುಂಟು. ಅನ್ನಪಾನನಿರೋಧವೆಂಬುದು ತನ್ನ ವಶದಲ್ಲಿರುವ, ತನ್ನನ್ನೇ ಆಶ್ರಯಿಸಿರುವ ಪ್ರಾಣಿಗೆ ಸಂಬಂಧಿಸಿದ ದೋಷ; ಸ್ವತಂತ್ರವಾಗಿ ತಿರುಗುವ ಜೀವಿಗೆ ಬಾಗಿಲು ಹಾಕುವುದರಿಂದ ಅದು ಉಂಟಾಗದು. ಎರಡನೆಯ ಮಾತು ತುಸು ಕಠಿಣ. ಒಂದೇ ಮನೆಯವರು ಮುಚ್ಚಿದರೆ ಪೀಡೆ ಪಕ್ಕಕ್ಕೆ ಸರಿಯುವುದು ನಿಜ. ಹಾಗಾಗಿ ಜಾಲರಿ ಹಾಕಿದವನು ನೆರೆಯವರಿಗೂ ತಿಳಿಹೇಳಬೇಕು. ಬೀದಿಯೇ ಕೂಡಿ ಮಾಡಬೇಕು. ಎಂಜಲು, ಚೆಲ್ಲಿದ ಧಾನ್ಯ, ಅಡಗುದಾಣ ಇವು ಕಡಿಮೆಯಾದರೆ ಇಲಿಗಳ ಸಂತತಿಯೇ ಕಡಿಮೆ ಹುಟ್ಟುತ್ತದೆ. ವಿಷವಿಟ್ಟರಾದರೋ ಸತ್ತವುಗಳ ಜಾಗವನ್ನು ಉಳಿದವುಗಳ ಸಂತತಿ ಬೇಗನೆ ತುಂಬುತ್ತದೆ. ಸುಮಾರು ಮೂರು ವಾರಗಳ ಗರ್ಭ ಅವುಗಳದು. ಕೊಲ್ಲುವವನು ಪ್ರತಿವರ್ಷ ಕೊಲ್ಲಬೇಕಾಗುತ್ತದೆ.

ವಿಷದ ಸ್ವರೂಪವನ್ನೂ ಬಲ್ಲವರು ವಿಚಾರಿಸಲಿ. ಇಂದು ಅಂಗಡಿಗಳಲ್ಲಿ ದೊರೆಯುವ ಹಲವು ಇಲಿಮದ್ದುಗಳು ರಕ್ತ ಹೆಪ್ಪುಗಟ್ಟದಂತೆ ಮಾಡಿ, ಹಲವು ದಿನಗಳಲ್ಲಿ ಒಳಗೊಳಗೇ ರಕ್ತಸ್ರಾವವಾಗಿ ಸಾಯುವಂತೆ ಮಾಡುತ್ತವೆ. ಅದನ್ನು ತಿಂದ ಬೆಕ್ಕು, ಗೂಬೆಗಳಿಗೂ ಅಪಾಯವುಂಟು. ಅಂಟಿನ ಹಲಗೆಯಲ್ಲಿ ಸಿಕ್ಕಿದ ಜೀವಿಯ ಯಾತನೆಯನ್ನು ಬರೆಯುವುದೇ ಬೇಡ. ಇಂತಹವನ್ನು ನೆರೆಯವರಿಗೆ ಎರವಲು ಕೊಡುವುದು ಸಹ ಅನರ್ಥದಂಡಗಳಲ್ಲೊಂದಾದ ಹಿಂಸಾದಾನ.

ಇನ್ನೊಂದು ಮಾತು. ಇಲಿಯು ರಾತ್ರಿ ಸಂಚಾರಿ. ಸೂರ್ಯಾಸ್ತಕ್ಕೆ ಮೊದಲೇ ಉಂಡು, ಪಾತ್ರೆ ತೊಳೆದು, ಒಲೆಯ ಸುತ್ತ ಸಾರಿಸಿ, ಎಂಜಲನ್ನು ಹೊರಗೆ ಸಾಗಿಸಿದ ಮನೆಯಲ್ಲಿ ಅದಕ್ಕೆ ಸಿಗುವುದು ಅಲ್ಪ. ರಾತ್ರಿಭೋಜನತ್ಯಾಗವನ್ನು ಪೂರ್ಣವಾಗಿ ಪಾಲಿಸುವ ಗೃಹಿಣಿಯು ತಿಳಿಯದೆಯೇ ಎಷ್ಟೋ ಜೀವಿಗಳನ್ನು ಸಾವಿನ ಬಾಗಿಲಿನಿಂದ ದೂರವಿಟ್ಟಿರುತ್ತಾಳೆ.

ಆ ವ್ಯಾಪಾರಿಯ ಉಪವಾಸ ವ್ಯರ್ಥವಾಯಿತೇ? ಹಾಗೆನ್ನಲಾಗದು. ಹೊಟ್ಟೆಯನ್ನು ಬರಿದುಮಾಡಿದುದರ ಸಾರ್ಥಕತೆ ಕಣ್ಣನ್ನು ತೆರೆಸುವುದರಲ್ಲಿದೆ. ದುರ್ಗಂಧವನ್ನು ಮರೆಮಾಡಲು ಸುಣ್ಣ ಹಾಕಿ ಸುಮ್ಮನಾಗದೆ, ಹಾಸುಗಲ್ಲಿನ ಮುಂದೆ ನಿಂತು ‘ಇದು ತನ್ನದೇ’ ಎಂದು ಆತನು ಒಪ್ಪಿಕೊಂಡರೆ ಆ ಉಪವಾಸ ಫಲಿಸಿತೆನ್ನಬೇಕು. ಆಳಿನ ಮೇಲೆ ಕೋಪಿಸದೆ ತಾನೇ ಆಲೋಚನೆ ಪ್ರತಿಕ್ರಮಣಗಳನ್ನು ಮಾಡಿ, ಮರುದಿನವೇ ಗಾರೆಯವನನ್ನು ಕರೆಸಲಿ. ಮುಂದಿನ ಪರ್ವಕ್ಕೆ ಬಸದಿಯನ್ನು ತೊಳೆದು ತೋರಣ ಕಟ್ಟುವ ಮೊದಲು ಪ್ರತಿಯೊಬ್ಬ ಶ್ರಾವಕನೂ ಒಮ್ಮೆ ಬಗ್ಗಿ ತನ್ನ ಮನೆಯ ಮೋರಿಯನ್ನು ನೋಡಲಿ. ಕ್ಷಮೆಯನ್ನು ಬೇಡುವ ಸಂದರ್ಭವೇ ಬಾರದಂತೆ ನಡೆಯುವುದು ಕ್ಷಮೆ ಬೇಡುವುದಕ್ಕಿಂತ ದೊಡ್ಡದು.