ಬಾಡಿಹೋಗುವ ಕಿರೀಟ

(ಓದತಕ್ಕ ಭಾಗ: 1 ಕೊರಿಂಥ 9:24–27)

ಆಟಪಾಟಗಳಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಪ್ರಯಾಸಪಡುವದು ವಿಶ್ವಾಸಿಗಳಿಗೆ ಯುಕ್ತವೋ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಅಪೊಸ್ತಲನಾದ ಪೌಲನು ಆಟವನ್ನು ಹಳಿದವನಲ್ಲ. ಕೊರಿಂಥ ಪಟ್ಟಣದ ಸಮೀಪದಲ್ಲಿ ಎರಡು ವರುಷಗಳಿಗೊಮ್ಮೆ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು. ಗೆದ್ದವನ ತಲೆಗೆ ಒಂದು ಕಾಲದಲ್ಲಿ ಪೈನ್ ಮರದ ಎಲೆಗಳ, ಇನ್ನೊಂದು ಕಾಲದಲ್ಲಿ ಒಣಗಿದ ಸೊಪ್ಪಿನ ಕಿರೀಟವನ್ನಿಡುತ್ತಿದ್ದರು. ಇದನ್ನು ಕಣ್ಣಾರೆ ಕಂಡವರಿಗೆ ಪೌಲನು ಬರೆದನು. ಸೊಪ್ಪಿನ ಕಿರೀಟಕ್ಕಾಗಿ ಓಟಗಾರನು ತನ್ನ ದೇಹವನ್ನು ಇಷ್ಟು ಬಿಗಿಹಿಡಿಯುವದಾದರೆ, ಬಾಡದ ಕಿರೀಟವನ್ನು ಬಯಸುವ ನಾವು ಎಷ್ಟೋ ಹೆಚ್ಚಾಗಿ ನಮ್ಮನ್ನು ಅಡಗಿಸಿಕೊಳ್ಳತಕ್ಕದ್ದೆಂಬದೇ ಅವನ ಬೋಧನೆ. ಹೀಗಿರಲಾಗಿ ಪಂದ್ಯದಲ್ಲಿ ಒಳ್ಳೇದುಂಟು: ಅದು ಸೋಮಾರಿಯನ್ನು ಎಬ್ಬಿಸುತ್ತದೆ, ನಿಯಮಕ್ಕೆ ಒಳಪಡುವದನ್ನು ಕಲಿಸುತ್ತದೆ. ಆದರೆ ಅದರೊಳಗೆ ಒಂದು ಹಾವೂ ಮಲಗಿರುತ್ತದೆ.

ಆ ಹಾವು ನನ್ನನ್ನೇ ಕಚ್ಚಿತು. ಒಂದು ವರುಷ ಬೆಳೆಹಬ್ಬದಲ್ಲಿ ಎರಡು ಸಭೆಗಳಿಗೆ ಗೀತಗಳ ಪಂದ್ಯವಿತ್ತು. ನಮ್ಮ ಸಭೆಯ ಅಜ್ಜಿಯೊಬ್ಬರು ಸಂಜೆಯ ಹಾಡಿಕೆಗೆ ಎಂದೂ ತಪ್ಪಿದವರಲ್ಲ. ಆದರೆ ಅವರ ಸ್ವರವು ನಡುಗುತ್ತಿತ್ತು. ನಾನು ಬಹುಮಾನದ ಆಸೆಯಿಂದ, “ಅಜ್ಜೀ, ಈ ಸಾರಿ ನೀವು ಕೂತು ಕೇಳಿರಿ” ಎಂದೆನು. ನಾವು ಗೆದ್ದೆವು. ಮುಂದಿನ ಆದಿತ್ಯವಾರ ಆರಾಧನೆಗೆ ಬಂದ ಅಜ್ಜಿ ಹಾಡಲು ಬಾಯಿ ತೆರೆಯಲಿಲ್ಲ. ಯಾಕೆಂದು ಕೇಳಲು, “ನನ್ನಿಂದ ಸಭೆ ಸೋಲಬಾರದು, ಉಪದೇಶಿಗಳೇ” ಎಂದರು. ಅವರ ಮನೆಗೆ ಹೋಗಿ ಕ್ಷಮೆ ಬೇಡಿದೆನು. ಅವರು ಆ ಗಳಿಗೆಯಲ್ಲೇ ಕ್ಷಮಿಸಿದರು. ಆದರೆ ಪುನಃ ಹಾಡಲು ಬಹಳ ದಿವಸ ಹಿಡಿಯಿತು.

ಇದರ ಪಕ್ಕದಲ್ಲಿ ಸ್ಕಾಟ್ಲೆಂಡಿನ ಎರಿಕ್ ಲಿಡೆಲ್ ಎಂಬವರ ನಡತೆಯನ್ನು ಇಟ್ಟು ನೋಡಿರಿ. 1924ರಲ್ಲಿ ಪ್ಯಾರಿಸ್ ಪಟ್ಟಣದ ಒಲಿಂಪಿಕ್ ಪಂದ್ಯಗಳಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಆದಿತ್ಯವಾರ ಬಿದ್ದದರಿಂದ ಅವರು ಅದನ್ನು ಬಿಟ್ಟುಕೊಟ್ಟರು. ಬಳಿಕ 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಮುಗಿಸಿ ಗೆದ್ದರು. ಮರುವರುಷ ಚೀನಾ ದೇಶಕ್ಕೆ ಸೇವೆಗೆ ಹೋದರು. ಯುದ್ಧಕಾಲದಲ್ಲಿ ಜಪಾನಿಯರ ಸೆರೆಶಿಬಿರದಲ್ಲಿದ್ದಾಗ ಅಲ್ಲಿಯ ಮಕ್ಕಳಿಗೆ ಆಟಗಳನ್ನು ಏರ್ಪಡಿಸಿದರು. ಆದಿತ್ಯವಾರದಲ್ಲಿ ಮಕ್ಕಳು ತಾವಾಗಿಯೇ ಆಡಿದ ಆಟವು ಜಗಳದಲ್ಲಿ ಮುಗಿಯಲು, ಅವರು ಆ ದಿನದಲ್ಲಿಯೂ ನಡುವೆ ನಿಂತು ಆಡಿಸಿದರೆಂದು ಅವರ ಜೀವನಚರಿತ್ರೆಗಳಲ್ಲಿ ಹೇಳಿದೆ. ತನ್ನ ಗೆಲುವಿಗಾಗಿ ಸಡಿಲಿಸದ ನಿಯಮವನ್ನು ಮಕ್ಕಳ ಸಮಾಧಾನಕ್ಕಾಗಿ ಸಡಿಲಿಸಿದರು. 1945ರಲ್ಲಿ ಆ ಶಿಬಿರದಲ್ಲೇ ತೀರಿಕೊಂಡರು.

ಆದಕಾರಣ ಯೌವನಸ್ಥರೇ, ಕಬಡ್ಡಿಯನ್ನಾಗಲಿ ಲಗೋರಿಯನ್ನಾಗಲಿ ಪೂರ್ಣಬಲದಿಂದ ಆಡಿರಿ. ಆದರೆ ಮನೆಗೆ ತಿರುಗುವಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಸೋತವನು ನಾಳೆ ಸಂತೋಷದಿಂದ ನಮ್ಮೊಂದಿಗೆ ಆಡಲು ಬರುವನೋ? ನಮ್ಮಲ್ಲಿಯ ಬಲಹೀನನಿಗೆ ಇನ್ನೂ ಸ್ಥಳವುಂಟೋ? ಇಲ್ಲವಾದರೆ ನಮ್ಮ ಕೈಯಲ್ಲಿರುವದು ಒಣಗಿದ ಸೊಪ್ಪು ಮಾತ್ರ. ಗೆಲ್ಲುವಾಗಲೂ ಸೋಲುವಾಗಲೂ ನೆರೆಯವನನ್ನು ಕಳೆದುಕೊಳ್ಳದಂತೆ ಕರ್ತನು ನಮ್ಮನ್ನು ಕಾಯಲಿ. ಆಮೆನ್.